ಇವತ್ತು ಎಷ್ಟು ಬಂತು?

ಚಳಿಗಾಲದಲ್ಲಿ ಎಡ್ಮಂಟನ್‌ನಲ್ಲಿ ಸಂಜೆ ಆರಾದರೆ ಪಾವಗಡದಲ್ಲಿ ಬೆಳಗಿನ ಆರೂವರೆ. ಅಪ್ಪನ ಫೋನು ಬರುವುದು ಆ ಹೊತ್ತಿಗೇ. ಊಟ, ಆರೋಗ್ಯ, ಮೊಮ್ಮಗಳ ಸ್ಕೂಲು ಎಲ್ಲ ಆಮೇಲೆ. ಮೊದಲ ಪ್ರಶ್ನೆ ಮಾತ್ರ ಒಂದೇ: “ಎಷ್ಟು ಬಂತಪ್ಪಾ ಇವತ್ತು?”

ಎಷ್ಟು ಅಂದರೆ ಎಷ್ಟು ಯೂನಿಟ್ ಕರೆಂಟು. ಕೆನಡಾದ ಈ ಊರಿನಲ್ಲಿ ಮನೆಯ ಚಾವಣಿಗೆ 6 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿಸುತ್ತೇನೆ ಎಂದಾಗ ಅಪ್ಪ ಜೋರಾಗಿ ನಕ್ಕಿದ್ದ. ಹಿಮ ಬೀಳುವ ಊರಿನಲ್ಲಿ ಬಿಸಿಲಿಗೆ ದುಡ್ಡು ಸುರಿಯುವವನನ್ನು ಕಂಡರೆ ಯಾರಿಗಾದರೂ ನಗು ಬಂದೀತು. ಅದರಲ್ಲೂ ಅಪ್ಪ ಬಿಸಿಲಿನ ವ್ಯವಹಾರ ಕಂಡವನು. ತಿರುಮಣಿ ಕಡೆಯ ನಮ್ಮ ಕಡಲೆಕಾಯಿ ಹೊಲ ಈಗ ಪಾವಗಡದ ಸೋಲಾರ್ ಪಾರ್ಕಿನೊಳಗಿದೆ. ಸುಮಾರು 13,000 ಎಕರೆಯ ಪಾರ್ಕದು. 28 ವರ್ಷದ ಗುತ್ತಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರಗಾಲದ ತಾಲ್ಲೂಕಿನಲ್ಲಿ ಅದು ಸಣ್ಣ ಮಾತಲ್ಲ. “ಮಳೆ ಕೈಕೊಟ್ರೂ ಬಾಡಿಗೆ ಕೈಕೊಡಲ್ಲ” ಎಂದು ಅಪ್ಪನೇ ಸಹಿ ಹಾಕಿದ. ಆಮೇಲೊಂದು ದಿನ ಫೋನಿನಲ್ಲಿ, “ಜಮೀನು ವಾಪಸ್ ಬರೋ ಹೊತ್ತಿಗೆ ನಂಗೆ ತೊಂಬತ್ನಾಲ್ಕು” ಎಂದ. ನಾನು ಏನೋ ಹೇಳಿ ಮಾತು ಬದಲಿಸಿದೆ.

ನನ್ನ ಲೆಕ್ಕ ಹೀಗಿತ್ತು. ನಮ್ಮೂರಿನಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಹೆಚ್ಚುಕಡಿಮೆ 1,500 ಯೂನಿಟ್ ಕೊಡುತ್ತದೆ. ಎಡ್ಮಂಟನ್‌ನಲ್ಲಿ 1,200ರ ಆಸುಪಾಸು. ಅಪ್ಪ ಇದನ್ನು ನಂಬಲೇ ಇಲ್ಲ. ನನಗೂ ಮೊದಲು ನಂಬಿಕೆ ಬಂದಿರಲಿಲ್ಲ. ಆದರೆ ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು, ಸೆಕೆಯಲ್ಲ. 25 ಡಿಗ್ರಿಗಿಂತ ಬಿಸಿಯಾದಂತೆಲ್ಲ ಒಂದೊಂದು ಡಿಗ್ರಿಗೂ ಅದರ ಶಕ್ತಿ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಪಾವಗಡದ ಏಪ್ರಿಲ್ ಮಧ್ಯಾಹ್ನ ಮುಟ್ಟಿದರೆ ಬೊಬ್ಬೆ ಬರುವಷ್ಟು ಕಾದಿರುತ್ತದಲ್ಲ, ಆಗ ಅದು ತನ್ನ ಪೂರ್ತಿ ಕಸುವಿನಲ್ಲಿ ಇರುವುದಿಲ್ಲ. ಇಲ್ಲಿ ಮೈನಸ್ 10ರ ಬೆಳಗಿನಲ್ಲಿ ಆಕಾಶ ತಿಳಿಯಾಗಿದ್ದರೆ ಅದೇ ಪ್ಯಾನೆಲ್ ಹುರುಪಿನಿಂದ ಕೆಲಸ ಮಾಡುತ್ತದೆ. ಜೂನ್‌ನಲ್ಲಂತೂ ಹಗಲು 17 ತಾಸು. ಒಂದು ದಿನಕ್ಕೆ 40 ಯೂನಿಟ್ ಬಂದಿದ್ದೂ ಉಂಟು. ಆ ರಾತ್ರಿ ಅಪ್ಪನಿಗೆ ನಾನೇ ಫೋನು ಮಾಡಿದ್ದೆ.

ಡಿಸೆಂಬರ್ ಬಂತು. ಹಗಲು ಏಳೂವರೆ ತಾಸಿಗೆ ಇಳಿಯಿತು. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 13 ಡಿಗ್ರಿ ಮೇಲೇಳುವುದಿಲ್ಲ; ಎದುರುಮನೆಯ ಚಿಮಣಿಯ ಹಿಂದೆ ಹಾದು ಹಾಗೇ ಹೊರಟುಹೋಗುತ್ತಾನೆ. ನಮ್ಮ ಚಾವಣಿಯ ಇಳಿಜಾರೂ ಕಡಿಮೆ. ಬಿದ್ದ ಹಿಮ ಜಾರದೆ, ಕಂಬಳಿ ಹೊದ್ದ ಮುದುಕನಂತೆ ಅಲ್ಲೇ ಕೂತಿತು. “ಎಷ್ಟು ಬಂತಪ್ಪಾ?” “ಸೊನ್ನೆ.” ಮರುದಿನವೂ ಸೊನ್ನೆ. ಹನ್ನೊಂದು ದಿನ ಸೊನ್ನೆ ಹೇಳಿದೆ. ಅಪ್ಪ ಏನೂ ಅನ್ನುತ್ತಿರಲಿಲ್ಲ, “ಹೂಂ” ಎನ್ನುತ್ತಿದ್ದ ಅಷ್ಟೆ. ಆ ಹೂಂಕಾರವನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಮಳೆ ಬಾರದ ಆಷಾಢದಲ್ಲಿ ಜಗಲಿಯ ಮೇಲೆ ಕೂತು ಅವನು ಅದೇ ದನಿ ಹೊರಡಿಸುತ್ತಿದ್ದ.

ಹನ್ನೆರಡನೇ ದಿನ ಏಣಿ ಹಾಕಿ, ಉದ್ದ ಹಿಡಿಯ ಬ್ರಶ್ ತೆಗೆದುಕೊಂಡು ಹತ್ತಿದೆ. ಹೆಂಡತಿ ಬೇಡ ಎಂದಳು. ಅರ್ಧ ಪ್ಯಾನೆಲ್ ಸ್ವಚ್ಛವಾಗಿತ್ತು, ಅಷ್ಟರಲ್ಲಿ ಏಣಿಯ ಕಾಲು ಮಂಜುಗಡ್ಡೆಯ ಮೇಲೆ ಸರಿಯಿತು. ಎಡಗೈ ಮಣಿಕಟ್ಟು ಮುರಿಯಿತು. ಕೆಳಗೆ ಎರಡಡಿ ಹಿಮವಿದ್ದದ್ದರಿಂದ ತಲೆ ಉಳಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕೂತಾಗ ಬಲಗೈಯಲ್ಲಿ ಫೋನು ತೆಗೆದು ನೋಡಿದೆ: 3 ಯೂನಿಟ್ ಬಂದಿತ್ತು.

ಕೈ ಮುರಿದುಕೊಂಡ ಮೇಲೆ ಓದುವ ಬುದ್ಧಿ ಬಂತು. ಇದೇ ಊರಿನ ನೇಟ್ ಪಾಲಿಟೆಕ್ನಿಕ್‌ನವರು 2012ರಿಂದ ಐದು ವರ್ಷ ಬೇರೆ ಬೇರೆ ಓರೆಯಲ್ಲಿ ಪ್ಯಾನೆಲ್ ನಿಲ್ಲಿಸಿ, ಒಂದು ಸಾಲಿನ ಹಿಮ ಗುಡಿಸುತ್ತ, ಇನ್ನೊಂದು ಸಾಲನ್ನು ಹಾಗೇ ಬಿಟ್ಟು ಅಳೆದಿದ್ದರು. ವರ್ಷದ ಲೆಕ್ಕದಲ್ಲಿ ಹಿಮದಿಂದಾದ ನಷ್ಟ ಹೆಚ್ಚೆಂದರೆ ಶೇಕಡಾ 5ರ ಸುಮಾರು. ಹಿಮ ಕೂರುವ ತಿಂಗಳುಗಳಲ್ಲಿ ಬಿಸಿಲೇ ಅಷ್ಟಿಲ್ಲ, ಕಳೆದುಕೊಳ್ಳುವುದಕ್ಕೆ ಏನಿದೆ? ನಮ್ಮ ಮನೆಯಲ್ಲಿ ಇಡೀ ಡಿಸೆಂಬರ್‌ಗೆ ಬಂದದ್ದು 80 ಯೂನಿಟ್. ಹಿಂದಿನ ಮೇ ತಿಂಗಳೊಂದರಲ್ಲೇ 860. ಬೇಸಿಗೆಯಲ್ಲಿ ಮಿಕ್ಕಿದ್ದನ್ನು ಲೈನಿಗೆ ಕಳಿಸಿದರೆ ಬಿಲ್ಲಿನಲ್ಲಿ ಜಮೆಯಾಗುತ್ತದೆ, ಚಳಿಗಾಲದಲ್ಲಿ ಅದನ್ನೇ ತಿನ್ನುವುದು. ಇಷ್ಟು ತಿಳಿದಿದ್ದರೆ ಏಣಿ ಗ್ಯಾರೇಜಿನಲ್ಲೇ ಇರುತ್ತಿತ್ತು.

ಅಪ್ಪನಿಗೆ ಹೇಳಬಾರದು ಎಂದುಕೊಂಡಿದ್ದೆ. ನಾಲ್ಕನೇ ದಿನ ವಿಡಿಯೋ ಕಾಲಿನಲ್ಲಿ, “ಆ ಕೈ ಯಾಕೆ ಮರೆ ಮಾಡ್ತಿದೀಯ, ಎತ್ತು” ಎಂದ. ಎತ್ತಿದೆ. ಬಹಳ ಹೊತ್ತು ಸುಮ್ಮನಿದ್ದ.

“ಮಳೆ ಬರ್ಲಿಲ್ಲ ಅಂತ ನಾನು ಯಾವತ್ತಾದ್ರೂ ಕಡಲೆಕಾಯಿ ಹೊಲಕ್ಕೆ ಬಿಂದಿಗೇಲಿ ನೀರು ಹೊಯ್ದಿದ್ನೇನೋ?”

“ನೀನೇ ಅಲ್ವಾ ದಿನಾ ಕೇಳೋದು, ಎಷ್ಟು ಬಂತು ಅಂತ.” ಅಂದಮೇಲೆ ಅನ್ನಬಾರದಿತ್ತು ಅನಿಸಿತು.

“ಇನ್ನೇನು ಕೇಳ್ಲಿ?” ಎಂದ. “ಮೊದ್ಲು ಬೆಳಗ್ಗೆ ಎದ್ರೆ ಹೊಲಕ್ಕೆ ಹೋಗಿ ನೋಡ್ತಿದ್ದೆ. ಈಗ ಅಲ್ಲಿ ಬೇಲಿ. ಇಲ್ಲಿಂದ ಕಾಣೋದು ನಿನ್ನ ಸೂರು ಒಂದೇ.”

ಆಮೇಲೆ ಎರಡು ತಿಂಗಳು ಅವನು ಯೂನಿಟ್ಟಿನ ಮಾತೆತ್ತಲಿಲ್ಲ. ಫೋನು ಬರುತ್ತಿತ್ತು, ಕೈ ಹೇಗಿದೆ ಎಂದು ಕೇಳುತ್ತಿದ್ದ. ಎರಡು ಮಾತಾಡಿ ಇಡುತ್ತಿದ್ದ. ನನಗೇ ಏನೋ ಖಾಲಿ ಖಾಲಿ.

ಮಾರ್ಚ್ ನಡುವಿನಲ್ಲಿ ಒಂದು ಬೆಳಿಗ್ಗೆ ಚಾವಣಿಯ ಮೇಲೆ ಧೊಪ್ಪೆಂದು ಸದ್ದಾಯಿತು. ಮಗಳು ಹೆದರಿ ಓಡಿಬಂದಳು. ಬಿಸಿಲಿಗೆ ಕಪ್ಪು ಅಂಚು ಕಾದು, ಹಿಮದ ಹಾಸು ಪೂರ್ತಿ ಒಂದೇ ಸಲಕ್ಕೆ ಜಾರಿ ಅಂಗಳಕ್ಕೆ ಬಿದ್ದಿತ್ತು. ಹೊರಗೆ ಮೈನಸ್ 8. ಸುತ್ತಲ ಬಿಳಿಯಿಂದಲೂ ಬೆಳಕು ಚಿಮ್ಮುತ್ತಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ಸಂಜೆ ಅಪ್ಪನ ಫೋನಿಗೆ ಕಾಯಲಿಲ್ಲ, ನಾನೇ ಮಾಡಿದೆ.

“ಅಪ್ಪಾ, ಇವತ್ತು ಇಪ್ಪತ್ತೊಂಬತ್ತು.”

“ಎಷ್ಟು?”

“ಇಪ್ಪತ್ತೊಂಬತ್ತು ಯೂನಿಟ್.”

“ಇರು,” ಎಂದ, “ಕಡಲೆಕಾಯಿ ಲೆಕ್ಕದ ಪುಸ್ತಕ ಇಲ್ಲೇ ಇತ್ತು. ಕನ್ನಡಕ ಹುಡುಕ್ತೀನಿ, ಇಡ್ಬೇಡ.”