ಪಾಲು, ಹಾಲು, ಆಲು

ಐಚ್ಛಿಕ ಕನ್ನಡವನ್ನು ತೆಗೆದುಕೊಂಡ ನಮಗೆ ಅಂತಿಮ ವರ್ಷದಲ್ಲಿ ಭಾಷಾವಿಜ್ಞಾನವೆಂಬ ಪತ್ರಿಕೆಯೊಂದನ್ನು ಓದುವ ಯೋಗ ಒದಗಿತು. ಈ ಸುದ್ದಿಯನ್ನು ಊರಿನಲ್ಲಿ ಸೋದರಮಾವನಿಗೆ ತಿಳಿಸಿದಾಗ ಆತ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, "ಅಲ್ಲ ಕಣ್ಲಾ, ನಿಂಗೆ ಕನ್ನಡ ಮಾತಾಡೋಕೆ ಬತ್ತದಲ್ಲ, ಇನ್ನೇನು ಓದೀಯ ಅದ್ರಲ್ಲಿ?" ಎಂದು ಕೇಳಿದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುವ ಭಾರವೂ ನನ್ನದೇ. ಅಂದು ಉತ್ತರ ಹೊಳೆಯಲಿಲ್ಲ.

ಮೊದಲ ಕೆಲವು ವಾರ ಮಾವನ ಮಾತೇ ಸರಿಯೆಂದು ತೋರಿತು. ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಮನುಷ್ಯನ ತಲೆಯನ್ನು ಉದ್ದಕ್ಕೆ ಸೀಳಿದಂಥ ಚಿತ್ರ ಬರೆದು, ತುಟಿ, ಹಲ್ಲು, ಅಂಗುಳು, ಕಿರುನಾಲಗೆ ಎಂದು ಗುರುತು ಹಾಕಿಸಿದರು. ಒಂದು ದಿನ ಕೊರಳಿನ ಮೇಲೆ ಬೆರಳಿಟ್ಟುಕೊಂಡು 'ಸ್' ಎನ್ನಿರಿ, 'ಮ್' ಎನ್ನಿರಿ ಎಂದರು. 'ಸ್' ಎಂದರೆ ಕೊರಳು ಸುಮ್ಮನಿರುತ್ತದೆ, 'ಮ್' ಎಂದರೆ ನಡುಗುತ್ತದೆ. ತರಗತಿಯೆಲ್ಲ ತಮ್ಮ ತಮ್ಮ ಕತ್ತು ಹಿಡಿದುಕೊಂಡು ಕರುಗಳಂತೆ ಗುಂಯ್ಗುಡುತ್ತಿದ್ದಾಗ ನೋಟೀಸು ತಂದ ಜವಾನನು ಬಾಗಿಲಲ್ಲೇ ನಿಂತು, ಒಳಗೆ ಬರುವುದೋ ಬೇಡವೋ ಎಂದು ಯೋಚಿಸಿದ್ದನ್ನು ನನ್ನ ಸಹಪಾಠಿಗಳು ಮರೆತಿರಲಾರರು. ಆಮೇಲೆ ದ್ರಾವಿಡ ಭಾಷಾವರ್ಗ, 1856ರಲ್ಲಿ ಪ್ರಕಟವಾದ ಕಾಲ್ಡ್‌ವೆಲ್ ಪಾದ್ರಿಯ ತೌಲನಿಕ ವ್ಯಾಕರಣ, ಇವೆಲ್ಲ ಟಿಪ್ಪಣಿಯ ಪುಸ್ತಕವನ್ನು ಸೇರಿದುವು. ಪರೀಕ್ಷೆಗೆ ಸಾಕು, ಮನಸ್ಸಿಗೆ ಏನೂ ತಾಕಲಿಲ್ಲ.

ತಾಕಿದ್ದು ಧ್ವನಿವ್ಯತ್ಯಾಸದ ಪಾಠ. ಹತ್ತನೆಯ ಶತಮಾನದಲ್ಲಿ ಪಂಪನ ಕನ್ನಡದಲ್ಲಿ ಪಾಲ್, ಪೂ, ಪಲವು ಎಂದಿದ್ದ ಮಾತುಗಳು ಮುಂದೆ ಹಾಲು, ಹೂ, ಹಲವು ಎಂದಾದುವು. ತಮಿಳರೂ ತೆಲುಗರೂ ಇಂದಿಗೂ ಹಾಲಿನಲ್ಲಿ ಪಕಾರವನ್ನೇ ಉಳಿಸಿಕೊಂಡಿದ್ದಾರೆ. ಸಂಸ್ಕೃತದಿಂದ ಬಂದ 'ಪುಸ್ತಕ' ಈ ಬದಲಾವಣೆಗೆ ಸಿಕ್ಕಲಿಲ್ಲ. ಇಲ್ಲದಿದ್ದರೆ ನಾವೆಲ್ಲ 'ಹುಸ್ತಕ' ಹಿಡಿದು ಓಡಾಡಬೇಕಾಗುತ್ತಿತ್ತು! ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿರುವ ಹಲ್ಮಿಡಿಯೇ ಇದಕ್ಕೆ ಸಾಕ್ಷಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಶಾಸನದಲ್ಲಿ ಊರಿನ ಹೆಸರು 'ಪಲ್ಮಿಡಿ' ಎಂದೇ ಇದೆ.

ತುಟಿಗಳು ಪೂರ್ತಿ ಮುಚ್ಚಿದರೆ 'ಪ'. ಮುಚ್ಚುವುದು ಸಡಿಲವಾದರೆ ಉಸಿರು ನುಸುಳುತ್ತದೆ. ತುಟಿಗಳ ಕೆಲಸವೇ ತಪ್ಪಿದರೆ ಬರಿಯ ಉಸಿರು, ಅಂದರೆ 'ಹ' ಉಳಿಯುತ್ತದೆ. ಇಷ್ಟು ವಿವರಿಸಿ ಅಧ್ಯಾಪಕರು, "ಆ ಉಸಿರೂ ಹೋದರೆ ಏನುಳಿಯುತ್ತದೆ?" ಎಂದು ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ "ಆಲು" ಎಂದರು. ತರಗತಿ ನಕ್ಕಿತು. ಅಧ್ಯಾಪಕರು ನಗಲಿಲ್ಲ. "ಸರಿ, ಅದೇ" ಎಂದು ಹಲಗೆಯ ಮೇಲೆ ಪಾಲು, ಹಾಲು ಎಂಬುದರ ಮುಂದೆ ಮೂರನೆಯದಾಗಿ ಅದನ್ನೂ ಬರೆದರು.

ನನ್ನ ಮುಖ ಬಿಸಿಯಾಯಿತು. ಮೊದಲ ವರ್ಷದಲ್ಲಿ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನನ್ನು ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗಿದ್ದೆ. ಆತ ಪಟ್ಟಣದವನು. ಅವ್ವ ಸಂಭ್ರಮದಿಂದ ಲೋಟ ತಂದು, "ಆಲು ತಕ್ಕಳಪ್ಪ, ಅಸ ಈಗ್ತಾನೆ ಕರ್ದಿದ್ದು" ಎಂದಳು. ಗೆಳೆಯ ಸುಮ್ಮನೆ ಮುಗುಳುನಕ್ಕ. ನಾನು ಸುಮ್ಮನಿರಲಾರದೆ, "ಅವ್ವಾ, ಆಲು ಅಲ್ಲ, ಹಾಲು. ಅಸ ಅಲ್ಲ, ಹಸು" ಎಂದು ತಿದ್ದಿದೆ. ಅವಳು "ಊಂ ಕಣಪ್ಪ" ಎಂದು ಒಳಗೆ ಹೋದಳು. ಅಂದಿನಿಂದ ನನ್ನ ಕಡೆಯವರು ಯಾರು ಬಂದರೂ ಅವ್ವನ ಮಾತು ಕಡಮೆ. ಆಡಿದರೂ ಎಲ್ಲಿ ತಪ್ಪಿತೋ ಎಂಬ ಅಂಜಿಕೆಯಿಂದ ಬೇಡದ ಕಡೆಯೂ ಹಕಾರ ಹಚ್ಚುವಳು. ಒಮ್ಮೆ ಊಟಕ್ಕೆ "ಹೆಲೆ ಆಕ್ಲಾ?" ಎಂದು ಕೇಳಿದಾಗ ನಾನು ನಕ್ಕೂ ಇದ್ದೆ.

ಪಾಲನ್ನು ಮೊದಲು ಹಾಲೆಂದವರನ್ನು ಕಂಡು ಆ ಕಾಲದ ಓದಿದ ಮಕ್ಕಳೂ ಹೀಗೆಯೇ ನಕ್ಕಿರಬಹುದು. ಉತ್ತರಪತ್ರಿಕೆಯಲ್ಲಿ 'ಆಲು' ಎಂದು ಬರೆಯೋಣವೆಂದು ನಾನು ವಾದಿಸುತ್ತಿಲ್ಲ. ಪರೀಕ್ಷಕರ ಕೆಂಪು ಶಾಯಿ ನನಗೂ ಗೊತ್ತು. ಆದರೆ ಅವ್ವ ತಪ್ಪು ಆಡಿರಲಿಲ್ಲ. ಗ್ರಂಥದ ಕನ್ನಡ ನಡೆದ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು, ಅಷ್ಟೆ.

ದೀಪಾವಳಿಗೆ ಊರಿಗೆ ಹೋದಾಗ ಒಲೆಯ ಮುಂದೆ ಕುಳಿತು ಇದನ್ನೆಲ್ಲ ಅವ್ವನಿಗೆ ಹೇಳಿದೆ. "ಮೊದ್ಲು ಎಲ್ರೂ ಪಾಲು ಅಂತಿದ್ರು ಕಣವ್ವ" ಎಂದೆ. ಅವಳು ಊದುಕೊಳವೆಯನ್ನು ಕೆಳಗಿಟ್ಟು, "ಪಾಲು ಅಂದ್ರೆ ಅಣ್ತಮ್ಮದೀರು ಅಂಚ್ಕಳದಲ್ವಾ?" ಎಂದಳು. ಇಬ್ಬರೂ ನಕ್ಕೆವು. ಬಹಳ ದಿನಗಳ ಮೇಲೆ ಅವ್ವ ನನ್ನೊಡನೆ ಹಾಗೆ ನಕ್ಕದ್ದು. ನಾನು ತಿದ್ದಿದ್ದು ನನ್ನದೇ ತಪ್ಪೆಂದೂ ಹೇಳಿದೆ. "ಓದ್ದೋನು ನೀನು, ನಿಂಗೆ ಗೊತ್ತಿರ್ತದೆ" ಎಂದಳು.

ಮರುದಿನ ಬೆಳಗಿನ ಬಸ್ಸಿಗೆ ಹೊರಟು ನಿಂತಿದ್ದೆ. ಅವ್ವ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದು, ಒಂದು ಕ್ಷಣ ತಡೆದು, ಎಚ್ಚರದಿಂದ ಹೇಳಿದಳು: "ತಕ್ಕೊ, ಹಾಲು. ಹಾರೋಕ್ ಮುಂಚೆ ಕುಡಿ."

ಆರುವ ಮುಂಚೆ ಎನ್ನಬೇಕಾಗಿತ್ತು. ನಾನು ಅಂದು ಕಲಿಸಿದ ಪಾಠವನ್ನು ಅವಳು ಇನ್ನೂ ಮರೆತಿರಲಿಲ್ಲ.