‘ಸೂಪರ್’ ಅಂದ್ರ ಸಾಕಾಗಲ್ಲ

ಹೊಸಬರ ಕಥೆಗೆ ‘ಸೂಪರ್’ ಅಂತ ಒತ್ತಿ ಕಳಿಸೋದು ಸುಲಭ. ಅದರಿಂದ ಬರೆದವರಿಗೆ ಏನೂ ತಿಳಿಯಲ್ಲ.

ಹಲಬರ್ಗಾದ ಹುಡುಗಿಯೊಬ್ಬಳು ಕಥೆ ಕಳಿಸಿದ್ದಳು. ಎಳ್ಳ ಅಮಾಸಿ ದಿನ, ಹೊಲ ಹಂಚಿಕೊಂಡ ಅಣ್ಣ-ತಮ್ಮ. ಬದುವಿನ ಆಚೆ-ಈಚೆ ಎರಡು ಗಡಿಗೆ ಭಜ್ಜಿ. ಕೆಳಗೆ, ‘ಚಲೋ ಇಲ್ಲಂದ್ರ ಹೇಳ್ರಿ ಅಕ್ಕಾ, ಬರೆಯೋದೇ ಬಿಡ್ತೀನಿ.’

ನಾನು ಬರೆದೆ: ‘ಅವ್ವ ಎರಡೂ ಗಡಿಗಿಗೆ ಉಪ್ಪು ಹಾಕ್ತಾಳಲ್ಲ ತಂಗಿ, ಅಲ್ಲಿ ನನ್ನ ಗಂಟಲ ಬಿಗೀತು. ಕಥಿ ಅಲ್ಲೇ ಮುಗಿಸು, ಮುಂದಿನ ನೀತಿಮಾತು ಬ್ಯಾಡ. ಅವ್ವನ ಬಾಯಾಗ ಪುಸ್ತಕದ ಕನ್ನಡನೂ ಬ್ಯಾಡ.’ ಗೀತಾ ನಾಗಭೂಷಣ ಅವರ ‘ಬದುಕು’ ಕಲಬುರಗಿ ಮಾತಿನ ಸೊಗಡಿನಲ್ಲೇ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದನ್ನೂ ನೆನಪಿಸಿದೆ.

ಮುಂದಿನ ಸಲ ಯಾರದಾದರೂ ಕಥೆ ಓದಿದಾಗ, ಮನಸ್ಸಿಗೆ ಮುಟ್ಟಿದ ಒಂದು ಸಾಲು ಹೆಕ್ಕಿ ಹೇಳಿ. ಅಷ್ಟಕ್ಕೇ ಇನ್ನೊಂದು ಕಥೆ ಹುಟ್ಟಬಹುದು.