ಅಜ್ಜಿಯ ಅವಲಕ್ಕಿ ಸರ

ನಮ್ಮೂರಿನ ಬಸ್ ನಿಲ್ದಾಣದ ಹತ್ತಿರ ನಾನು 30 ವರ್ಷ ಕಿರಾಣಿ ಅಂಗಡಿ ನಡೆಸಿದೆ. ಒಮ್ಮೆ ಶಾಲೆಯ ಹುಡುಗನೊಬ್ಬ ಗಾಜಿನ ಡಬ್ಬಿಯಿಂದ ಎರಡು ಕಡಲೆಮಿಠಾಯಿ ತೆಗೆದು ಜೇಬಿಗಿಳಿಸಿದ. ನಾನು ಕೂಗಾಡಲಿಲ್ಲ. “ಹಸಿವಾದರೆ ಕೇಳಪ್ಪ, ಕದಿಯಬೇಡ” ಎಂದೆ. ಮರುದಿನ ದುಡ್ಡು ತಂದುಕೊಟ್ಟ. ಆ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಎಲ್ಲರೂ ಆ ಹುಡುಗನಂತಲ್ಲ. ಕೆಲವರು ಮತ್ತೆ ಮತ್ತೆ ಬಂದು ಎಣ್ಣೆ ಪ್ಯಾಕೆಟ್ಟು, ಸೋಪು ಎಗರಿಸುತ್ತಿದ್ದರು. ಮಕ್ಕಳೇ, ಒಂದು ಲೆಕ್ಕ ಮಾಡಿ. 95 ರೂಪಾಯಿಗೆ ತಂದದ್ದನ್ನು 100ಕ್ಕೆ ಮಾರಿದರೆ ನನಗೆ 5 ರೂಪಾಯಿ ಲಾಭ. ಅಂಥದ್ದೊಂದು ಕಳುವಾದರೆ, ನಷ್ಟ ತುಂಬಲು ಇನ್ನೂ 19 ಮಾರಬೇಕು!

ಮನೆಗಳ್ಳತನದ ನಷ್ಟವಂತೂ ಲೆಕ್ಕಕ್ಕೇ ಸಿಗುವುದಿಲ್ಲ. ನಾವು ಮದುವೆಗೆಂದು ಪರಊರಿಗೆ ಹೋಗಿದ್ದೆವು. ದಾರಿಯಲ್ಲಿ ಕಳೆದೀತೆಂದು ನನ್ನ ಹೆಂಡತಿ ತನ್ನ ತಾಯಿ ಕೊಟ್ಟ ಅವಲಕ್ಕಿ ಸರವನ್ನು ಬೀರುವಿನಲ್ಲೇ ಇಟ್ಟಿದ್ದಳು. ಬಂದು ನೋಡಿದರೆ ಹಿಂಬಾಗಿಲು ಮುರಿದಿತ್ತು, ಸರ ಇರಲಿಲ್ಲ. ಸರದ ಜೊತೆ ಅವಳ ನಿದ್ದೆಯೂ ಹೋಯಿತು. ಇಂದಿಗೂ ಮಲಗುವ ಮುನ್ನ ಚಿಲಕವನ್ನು ಮೂರು ಸಲ ಎಳೆದು ನೋಡುತ್ತಾಳೆ.

“ತಾತ, ಕಳ್ಳರಿಗೆ ಶಿಕ್ಷೆ ಇಲ್ವಾ?” ಎಂದು ಮೊಮ್ಮಗಳು ಕೇಳಿದಳು.

ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ, ಮನೆಯೊಳಗಿನ ಕಳ್ಳತನಕ್ಕೆ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಾಮಾನ್ಯ ಕಳ್ಳತನದಲ್ಲಿ ಕದ್ದದ್ದು 5000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇದು ನನಗೆ ಒಪ್ಪಿಗೆ. ಎಡವಿದವನಿಗೆ ಎದ್ದು ನಿಲ್ಲಲು ಅವಕಾಶ ಬೇಕು.

ಆದರೆ ಒಂದು ಕೊರತೆ ಕಾಣುತ್ತದೆ. ಸಾಮಾನ್ಯ ಕಳ್ಳತನದಲ್ಲಿ ಎರಡನೇ ಸಲ ತಪ್ಪಿತಸ್ಥನಾದರೆ ಕನಿಷ್ಠ 1 ವರ್ಷ ಕಠಿಣ ಸಜೆ ಎಂದು ಬರೆದಿದೆ. ಮನೆಯೊಳಗಿನ ಕಳ್ಳತನದ ಕಲಮಿನಲ್ಲಿ ‘7 ವರ್ಷದವರೆಗೆ’ ಎಂದಿದೆಯೇ ಹೊರತು, ಕನಿಷ್ಠ ಇಷ್ಟು ಎಂಬ ಮಾತಿಲ್ಲ. ಕದಿಯುವುದನ್ನೇ ಕಸುಬು ಮಾಡಿಕೊಂಡು ಮನೆಯಿಂದ ಮನೆಗೆ ನುಗ್ಗುವವನಿಗೂ ಕನಿಷ್ಠ ಶಿಕ್ಷೆ ನಿಗದಿಯಾಗಬೇಕು. ಕಳೆದುಕೊಂಡವರಿಗೆ ಪರಿಹಾರ ಕೊಡಿಸುವುದೂ ಆ ಶಿಕ್ಷೆಯ ಭಾಗವಾಗಬೇಕು. ಕಾನೂನು ಮಾಡುವವರಲ್ಲಿ ಈ ಮುದುಕನ ಬೇಡಿಕೆ ಇಷ್ಟೇ.

ಈಗ ರಾತ್ರಿ ಚಿಲಕ ನೋಡುವ ಕೆಲಸವನ್ನು ಮೊಮ್ಮಗಳು ವಹಿಸಿಕೊಂಡಿದ್ದಾಳೆ. ಒಂದೇ ಸಲ ಎಳೆದು, “ಭದ್ರವಾಗಿದೆ ಅಜ್ಜಿ, ಮಲಗು” ಎನ್ನುತ್ತಾಳೆ. ಅವಳು ನಿದ್ದೆ ಹೋದ ಮೇಲೆ ಅಜ್ಜಿ ಮೆಲ್ಲಗೆ ಎದ್ದು ಇನ್ನೆರಡು ಸಲ ನೋಡಿ ಬರುತ್ತಾಳೆ.